ಇಂದಿನ ರೋಗಿ, ನಾಳೆಯ ರೋಗಿ

ಕನ್ನಡದಲ್ಲಿ ‘ಪ್ರತಿರೋಧ’ ಎಂಬ ಮಾತಿಗೆ ಒಂದು ಮರ್ಯಾದೆ ಇದೆ. ದಲಿತ-ಬಂಡಾಯ ಸಾಹಿತ್ಯದ ದಿನಗಳಿಂದ ಅದು ದೌರ್ಜನ್ಯಕ್ಕೆ ತಲೆಬಾಗದವನ ಗುಣವಾಗಿ ನಮ್ಮ ಕಿವಿಗೆ ಬೀಳುತ್ತ ಬಂದಿದೆ. ಉರ್ದುವಿನಲ್ಲಿ ಅದಕ್ಕೆ ‘ಮುಝಾಹಮತ್’ ಎನ್ನುತ್ತೇವೆ; ‘ಮುಝಾಹಮತೀ ಅದಬ್’ ಎಂದರೆ ಪ್ರತಿಭಟನೆಯ ಸಾಹಿತ್ಯ. ಎರಡೂ ಭಾಷೆಗಳಲ್ಲಿ ಆ ಪದದ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆ, ಅವನಿಗೊಂದು ಸಂಕಲ್ಪವಿದೆ. ಆದರೆ ಆಸ್ಪತ್ರೆಯ ಭಾಷೆಯಲ್ಲಿ ಇದೇ ಪದ ವೈರಸ್ಸಿಗೆ ಸಲ್ಲುತ್ತದೆ. ಔಷಧಕ್ಕೆ ಬಗ್ಗದ ವೈರಸ್ಸಿನ ಗುಣವನ್ನು ‘ಔಷಧ ಪ್ರತಿರೋಧ’ ಎಂದು ಕರೆಯುತ್ತಾರೆ. ಪದ ಹಳೆಯದೇ, ಆದರೆ ಅದರೊಳಗಿದ್ದ ಮನುಷ್ಯ ಕಾಣೆಯಾಗಿದ್ದಾನೆ.

ಕಾಣೆಯಾದ ಆ ಮನುಷ್ಯನ ಜಾಗದಲ್ಲಿ ನಾವು ಯಾರನ್ನು ತಂದು ನಿಲ್ಲಿಸುತ್ತೇವೆ? ಔಷಧ ಕೆಲಸ ಮಾಡದೆ ಹೋದಾಗ ತಪ್ಪು ಯಾರದು? ವೈರಸ್ಸಿನದೇ, ಮಾತ್ರೆ ತಪ್ಪಿಸಿದ ರೋಗಿಯದೇ, ಮಾತ್ರೆಯನ್ನು ರೋಗಿಯ ಕೈಗೆ ಮುಟ್ಟಿಸದ ವ್ಯವಸ್ಥೆಯದೇ? ಇದು ವೈದ್ಯಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೀತಿಯ ಪ್ರಶ್ನೆ. ಕಳೆದ ಮೂರು ದಶಕಗಳಲ್ಲಿ ಈ ಪ್ರಶ್ನೆಯನ್ನು ಬಿಡಿಸಲು ಕಂಪ್ಯೂಟರ್ ಬಂದು ಕೂತಿದೆ. ಅದು ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ಎಚ್‌ಐವಿಯ ಉದಾಹರಣೆಯಿಂದ ನೋಡೋಣ.

ಮೊದಲು ವೈರಸ್ಸಿನ ವಿಚಾರ. ‘ವೈರಸ್ ಔಷಧವನ್ನು ಗುರುತಿಸಿತು, ಬುದ್ಧಿ ಕಲಿಯಿತು, ವೇಷ ಬದಲಿಸಿತು’ ಎಂದೆಲ್ಲ ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಕಥೆ ಬರೆಯುವವರಿಗೆ ಇಂಥ ಮಾತು ರುಚಿಸುತ್ತದೆ, ಏಕೆಂದರೆ ಖಳನಿದ್ದರೆ ಕಥೆ ಸುಲಭ. ಆದರೆ ನಡೆಯುವುದು ಬೇರೆ. ಎಚ್‌ಐವಿಯ ಇಡೀ ಬರಹ ಸುಮಾರು 9,700 ಅಕ್ಷರಗಳದ್ದು. ನಮ್ಮ ಜೀವಕೋಶದೊಳಗೆ ಅದು ತನ್ನ ಪ್ರತಿ ತೆಗೆದುಕೊಳ್ಳುವಾಗ ಲಕ್ಷ ಅಕ್ಷರಗಳಿಗೆ ಮೂರರಂತೆ ತಪ್ಪು ಮಾಡುತ್ತದೆ. ಅಂದರೆ ಸರಿಸುಮಾರು ಮೂರು ಪ್ರತಿಗಳಲ್ಲಿ ಒಂದರಲ್ಲಿ ಒಂದು ಕಾಗುಣಿತ ದೋಷ. ತಿದ್ದುವ ಕರಡಚ್ಚು ಓದುಗ ಅಲ್ಲಿಲ್ಲ. ಬಹುಪಾಲು ದೋಷಗಳಿಂದ ವೈರಸ್ಸಿಗೇ ನಷ್ಟ. ಆ ಪ್ರತಿಗಳು ಬದುಕುವುದಿಲ್ಲ. ಔಷಧ ಬಂದು ಕೂತಾಗ ಮಾತ್ರ, ಯಾವುದೋ ಒಂದು ದೋಷಪೂರ್ಣ ಪ್ರತಿ ಆ ಔಷಧದ ಹಿಡಿತಕ್ಕೆ ಸಿಗದೆ ಉಳಿದುಬಿಡುತ್ತದೆ. ಉಳಿದದ್ದು ಬೆಳೆಯುತ್ತದೆ. ಅಷ್ಟೇ ಪ್ರತಿರೋಧ.

ನಮ್ಮ ಕಡೆ ‘ನಿಯತ್ತು’ ಎಂದರೆ ಪ್ರಾಮಾಣಿಕತೆ. ‘ಅವನಿಗೆ ನಿಯತ್ತಿಲ್ಲ’ ಎಂದು ಬೈಯುತ್ತೇವೆ. ಉರ್ದುವಿನ ‘ನೀಯತ್’ ಎಂದರೆ ಉದ್ದೇಶ. ವೈರಸ್ಸಿಗೆ ಈ ಎರಡೂ ಇಲ್ಲ. ಕರ್ಮದ ಬೆಲೆ ಕಟ್ಟುವುದು ಉದ್ದೇಶದಿಂದ ಎಂದು ಕೇಳುತ್ತ ಬೆಳೆದ ನಮಗೆ ಇದು ಮುಖ್ಯವಾದ ಮಾತು. ಉದ್ದೇಶವಿಲ್ಲದ್ದನ್ನು ನೀತಿಯ ಕಟಕಟೆಗೆ ತರಲಾಗದು. ಹಾಗಾಗಿ ‘ತಪ್ಪು ಯಾರದು’ ಎಂಬ ಪ್ರಶ್ನೆ ವೈರಸ್ಸನ್ನು ದಾಟಿ ನೇರವಾಗಿ ಮನುಷ್ಯರ ಅಂಗಳಕ್ಕೆ ಬಂದು ಬೀಳುತ್ತದೆ.

ಏಝಡ್‌ಟಿ ಎಂಬ ಮೊದಲ ಏಡ್ಸ್ ಔಷಧಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 1987ರಲ್ಲಿ. ಎರಡೇ ವರ್ಷಗಳಲ್ಲಿ, 1989ರಲ್ಲಿ, ಅದಕ್ಕೆ ಬಗ್ಗದ ವೈರಸ್ ರೋಗಿಗಳಲ್ಲಿ ಕಂಡುಬಂತು. ಇಷ್ಟು ಬೇಗ ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಲೆಕ್ಕದಿಂದ. ಅಲನ್ ಪೆರೆಲ್ಸನ್ ಎಂಬ ಗಣಿತದ ಹಿನ್ನೆಲೆಯ ವಿಜ್ಞಾನಿ ಮತ್ತು ಡೇವಿಡ್ ಹೋ ಎಂಬ ವೈದ್ಯ ತಮ್ಮ ಸಂಗಡಿಗರೊಡನೆ 1996ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚಿಕಿತ್ಸೆ ಇಲ್ಲದ ಒಬ್ಬ ರೋಗಿಯ ಮೈಯಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ. ಪೆರೆಲ್ಸನ್ ಕೆಲಸ ಮಾಡುತ್ತಿದ್ದುದು ಲಾಸ್ ಅಲಮೋಸ್‌ನಲ್ಲಿ, ಅಂದರೆ ಮೊದಲ ಅಣುಬಾಂಬು ತಯಾರಾದ ಪ್ರಯೋಗಾಲಯದಲ್ಲಿ. ಸಾವಿನ ಲೆಕ್ಕ ಹಾಕಿದ ಊರಿನಲ್ಲೇ ಬದುಕಿನ ಲೆಕ್ಕವನ್ನೂ ಹಾಕಬಹುದು. ಲೆಕ್ಕಕ್ಕೆ ತನ್ನದೇ ಆದ ನೀತಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಓದುಗರು ಕಾಗದ ಪೆನ್ಸಿಲು ಹಿಡಿದು ಇದನ್ನು ತಾವೇ ನೋಡಬಹುದು. ಒಂದು ನಿರ್ದಿಷ್ಟ ಅಕ್ಷರ ಇನ್ನೊಂದು ನಿರ್ದಿಷ್ಟ ಅಕ್ಷರವಾಗಿ ಬದಲಾಗುವ ಸಂಭವ ಅಂದಾಜು ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳೋಣ. ದಿನಕ್ಕೆ ಸಾವಿರ ಕೋಟಿ ಕಣಗಳು ಹುಟ್ಟುವಲ್ಲಿ ಅಂಥ ಬದಲಾವಣೆ ದಿನವೂ ಸುಮಾರು ಲಕ್ಷ ಬಾರಿ ನಡೆದೇ ನಡೆಯುತ್ತದೆ. ಅಂದರೆ ಒಂದೇ ಔಷಧ ಕೊಟ್ಟರೆ ಅದಕ್ಕೆ ಬಗ್ಗದ ವೈರಸ್ ಔಷಧ ಬರುವ ಮೊದಲೇ ಅಲ್ಲಿ ಕಾದಿರುತ್ತದೆ. ಎರಡು ಔಷಧಗಳಿಂದ ಒಟ್ಟಿಗೆ ತಪ್ಪಿಸಿಕೊಳ್ಳಬೇಕಾದರೆ ಸಾವಿರ ಕೋಟಿಗೆ ಒಂದು; ಅದೂ ದಿನಕ್ಕೊಮ್ಮೆ ಆಗಬಹುದು. ಮೂರರಿಂದಲೂ ಒಟ್ಟಿಗೆ ತಪ್ಪಿಸಿಕೊಳ್ಳಬೇಕಾದರೆ ಹತ್ತು ಕೋಟಿ ಕೋಟಿಗೆ ಒಂದು. ಅದು ಹೆಚ್ಚುಕಡಿಮೆ ಆಗದ ಮಾತು. 1996ರ ಹೊತ್ತಿಗೆ ಬಂದ ಮೂರು ಔಷಧಗಳ ಚಿಕಿತ್ಸೆ ಸಾವಿನ ಹಾಸಿಗೆಯಿಂದ ಜನರನ್ನು ಎಬ್ಬಿಸಿದ್ದರ ಹಿಂದೆ ಇಷ್ಟು ಸರಳವಾದ ಗುಣಾಕಾರವಿದೆ.

ಆಮೇಲೆ ಬಂದದ್ದು ಕಂಪ್ಯೂಟರ್ ಕೋಷ್ಟಕಗಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಚ್‌ಐವಿ ಔಷಧ ಪ್ರತಿರೋಧದ ಒಂದು ಸಂಗ್ರಹವಿದೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ರೋಗಿಯ ರಕ್ತದಿಂದ ವೈರಸ್ಸಿನ ಅಕ್ಷರಗಳನ್ನು ಓದಿ ಅದಕ್ಕೆ ಒಪ್ಪಿಸಿದರೆ, ಪ್ರತಿಯೊಂದು ಬದಲಾವಣೆಗೂ ಅಂಕ ಕೊಟ್ಟು, ಕೂಡಿಸಿ, ಯಾವ ಔಷಧ ನಾಟುತ್ತದೆ ಯಾವುದು ನಾಟದು ಎಂದು ಹೇಳುತ್ತದೆ. ಅಂಕ 60 ಮುಟ್ಟಿದರೆ ಆ ಔಷಧದ ಆಸೆ ಬಹುಮಟ್ಟಿಗೆ ಬಿಡಬೇಕು. ಜರ್ಮನಿಯ ವಿಜ್ಞಾನಿಗಳು ಇದೇ ಕೆಲಸಕ್ಕೆ ಯಂತ್ರಕಲಿಕೆಯ ವಿಧಾನಗಳನ್ನು ತಂದರು. ಯಾವ ಬದಲಾವಣೆಯ ಹಿಂದೆ ಯಾವುದು ಬರುತ್ತದೆ ಎಂಬ ಸರದಿಯನ್ನೂ ಲೆಕ್ಕ ಹಾಕಿದರು. ಒಂದು ಸ್ವಾರಸ್ಯ ಹೇಳಲೇಬೇಕು. 184ನೇ ಸ್ಥಾನದಲ್ಲಿ ಆಗುವ ಒಂದು ಬದಲಾವಣೆ ಲ್ಯಾಮಿವುಡಿನ್ ಎಂಬ ಔಷಧವನ್ನು ಪೂರ್ತಿ ಸೋಲಿಸುತ್ತದೆ. ಆದರೆ ಅದೇ ಬದಲಾವಣೆಯಿಂದ ವೈರಸ್ ಸೊರಗುತ್ತದೆ, ಏಝಡ್‌ಟಿ ಮತ್ತು ಟೆನೊಫೊವಿರ್ ಎಂಬ ಬೇರೆ ಔಷಧಗಳಿಗೆ ಹೆಚ್ಚು ಸುಲಭವಾಗಿ ಸಿಗುತ್ತದೆ. ಪ್ರತಿರೋಧವೂ ಪುಕ್ಕಟೆ ಬರುವುದಿಲ್ಲ. ಅದಕ್ಕೂ ಬೆಲೆ ತೆರಬೇಕು.

ಇಲ್ಲಿಯವರೆಗೆ ಲೆಕ್ಕದ ಮಾತು. ಇನ್ನು ಲೆಕ್ಕವನ್ನು ಮನುಷ್ಯರು ಬಳಸಿದ ಬಗೆ.

ಮೂರು ಔಷಧಗಳ ಲೆಕ್ಕ ಸರಿಯಾಗಿ ನಡೆಯಬೇಕಾದರೆ ಮಾತ್ರೆ ತಪ್ಪಬಾರದು. ಕೆಲವು ಔಷಧಗಳು ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತವೆ, ಕೆಲವು ಗಂಟೆಗಳಲ್ಲಿ ಹೋಗುತ್ತವೆ. ಮಾತ್ರೆ ನಿಂತರೆ, ಕೊನೆಗೆ ಒಂದೇ ಔಷಧ ಒಂಟಿಯಾಗಿ ಉಳಿದು, ವೈರಸ್ಸಿಗೆ ಮತ್ತೆ ಲಕ್ಷಕ್ಕೊಂದರ ಸುಲಭದ ಆಟ ಸಿಗುತ್ತದೆ. ಇದು ನಿಜ. ಆದರೆ ಈ ನಿಜವನ್ನು ಹಿಡಿದು 2001ರಲ್ಲಿ ಒಂದು ವಿಚಿತ್ರ ವಾದ ಹುಟ್ಟಿತು. ಆ ವರ್ಷದ ಫೆಬ್ರುವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ಹೇಳಿದರು. ಆಗ ಶ್ರೀಮಂತ ದೇಶಗಳಲ್ಲಿ ಅದರ ಬೆಲೆ ವರ್ಷಕ್ಕೆ 10 ಸಾವಿರ ಡಾಲರಿಗೂ ಹೆಚ್ಚು. ಬೆಲೆಯ ನೆಪ ಹೀಗೆ ಕಳಚಿ ಬಿದ್ದಾಗ ಬೇರೆ ನೆಪ ಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ನಾಟ್ಸಿಯೋಸ್, ಆಫ್ರಿಕಾದ ಬಹಳಷ್ಟು ಜನ ಗಡಿಯಾರವನ್ನೇ ಕಂಡವರಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ ಎಂದರೆ ಅವರಿಗೆ ತಿಳಿಯುವುದಿಲ್ಲ ಎಂಬ ಅರ್ಥದ ಮಾತಾಡಿದರು. ಬಡವರ ಕೈಗೆ ಔಷಧ ಕೊಟ್ಟರೆ ಅವರು ಅದನ್ನು ಕೆಡಿಸುತ್ತಾರೆ, ಪ್ರತಿರೋಧ ಹಬ್ಬಿಸುತ್ತಾರೆ ಎಂಬ ಮಾತು ಆಗ ಅನೇಕ ಬಲ್ಲವರ ಬಾಯಲ್ಲೂ ಇತ್ತು.

ಗಡಿಯಾರ ಬರುವ ಎಷ್ಟೋ ಶತಮಾನ ಮೊದಲಿನಿಂದ ಜನ ದಿನಕ್ಕೆ ಐದು ಹೊತ್ತಿನ ನಮಾಝನ್ನು ಸೂರ್ಯನನ್ನೂ ನೆರಳನ್ನೂ ನೋಡಿ ತಪ್ಪದೆ ಮಾಡಿಕೊಂಡು ಬಂದಿದ್ದಾರೆ. ಗಡಿಯಾರವಿಲ್ಲದ ರೈತ ಹಸುವಿನ ಹಾಲು ಕರೆಯುವ ಹೊತ್ತು ತಪ್ಪಿಸಿದ್ದಿಲ್ಲ. ಇರಲಿ, ಇದು ನಮ್ಮ ಉತ್ತರ. ಲೆಕ್ಕದ ಉತ್ತರ ಇನ್ನೂ ಗಟ್ಟಿಯಾಗಿತ್ತು. ಸಹರಾದ ದಕ್ಷಿಣದ ಆಫ್ರಿಕಾ ಮತ್ತು ಉತ್ತರ ಅಮೆರಿಕಗಳಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾತ್ರೆಯನ್ನು ಸಾಕಷ್ಟು ನಿಷ್ಠೆಯಿಂದ ತೆಗೆದುಕೊಂಡವರು ಆಫ್ರಿಕಾದಲ್ಲಿ ಶೇ. 77, ಉತ್ತರ ಅಮೆರಿಕದಲ್ಲಿ ಶೇ. 55. ಗಡಿಯಾರ ಇದ್ದವರೇ ಹಿಂದೆ ಬಿದ್ದಿದ್ದರು.

ಮೊದಲ ವಾದವನ್ನು ಕಟ್ಟಿದ ರೀತಿಯನ್ನು ಓದುಗರು ಗಮನಿಸಬೇಕು. ಅದು ‘ಬಡವರು ಸಾಯಲಿ’ ಎಂದು ಹೇಳಲಿಲ್ಲ. ‘ನಾಳೆ ಬರುವ ರೋಗಿಗಳಿಗಾಗಿ ಔಷಧವನ್ನು ಕಾಪಾಡೋಣ’ ಎಂದು ಹೇಳಿತು. ನಾಳೆಯ ರೋಗಿಯ ಹೆಸರಿನಲ್ಲಿ ಇಂದಿನ ರೋಗಿಯನ್ನು ಬಾಗಿಲಿನಿಂದಾಚೆ ನಿಲ್ಲಿಸುವ ಮಾತಿದು. ನಾಳೆಯ ರೋಗಿಗೆ ಮುಖವಿಲ್ಲ, ಅವನು ದೂರುವುದಿಲ್ಲ, ಅವನ ಪರವಾಗಿ ಯಾರು ಬೇಕಾದರೂ ಮಾತಾಡಬಹುದು. ಇಂದಿನ ರೋಗಿ ಮಾತ್ರ ಎದುರಿಗೇ ಕೂತು ಕೆಮ್ಮುತ್ತಿರುತ್ತಾನೆ.

ಹಾಗೆಂದು ನಾಳೆಯ ರೋಗಿ ಸುಳ್ಳೇ? ಅಲ್ಲ. ಇಲ್ಲಿಯೇ ಪ್ರಶ್ನೆ ಗಂಟಾಗುವುದು. ನೆವಿರಾಪಿನ್ ಎಂಬ ಮಾತ್ರೆಯ ಕಥೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ.

1999ರಲ್ಲಿ ಉಗಾಂಡದ ಕಂಪಾಲಾದಿಂದ ಒಂದು ಅಧ್ಯಯನದ ಫಲಿತಾಂಶ ಬಂತು. ಎಚ್‌ಐವಿ ಇರುವ ತಾಯಿಗೆ ಹೆರಿಗೆ ನೋವಿನ ಹೊತ್ತಿಗೆ ಒಂದೇ ಒಂದು ನೆವಿರಾಪಿನ್ ಮಾತ್ರೆ, ಹುಟ್ಟಿದ ಮಗುವಿಗೆ ಮೂರು ದಿನದೊಳಗೆ ಒಂದೇ ಗುಟುಕು ಔಷಧ. ಇಷ್ಟರಿಂದ, ಅಲ್ಪಾವಧಿಯ ಏಝಡ್‌ಟಿ ಪಡೆದ ಗುಂಪಿನಲ್ಲಿ ಮೂರು ನಾಲ್ಕು ತಿಂಗಳ ಹೊತ್ತಿಗೆ ಶೇ. 25ರಷ್ಟಿದ್ದ ಮಕ್ಕಳ ಸೋಂಕು ಶೇ. 13ಕ್ಕೆ ಇಳಿಯಿತು. ಬಡ ದೇಶಗಳಿಗೆ ಇದು ವರದಾನವಾಗಿತ್ತು. ಮಾತ್ರೆ ಅಗ್ಗ, ನುಂಗಿಸುವುದು ಸೂಲಗಿತ್ತಿಗೂ ಸಾಧ್ಯ. ಆದರೆ ನೆವಿರಾಪಿನ್ ರಕ್ತದಲ್ಲಿ ಬಹಳ ದಿನ ಒಂಟಿಯಾಗಿ ಉಳಿಯುವ ಔಷಧ. ಅದನ್ನು ಸೋಲಿಸಲು ವೈರಸ್ಸಿಗೆ ಒಂದೇ ಅಕ್ಷರದ ತಪ್ಪು ಸಾಕು. ಮೇಲಿನ ಗುಣಾಕಾರ ಮಾಡಿದವರಿಗೆ ಮುಂದಿನದು ಹೇಳದೆಯೂ ತಿಳಿಯುತ್ತದೆ. ಆ ಒಂದು ಮಾತ್ರೆ ನುಂಗಿದ ತಾಯಂದಿರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಲ್ಲಿ ಔಷಧಕ್ಕೆ ಬಗ್ಗದ ವೈರಸ್ ಕಾಣಿಸಿಕೊಂಡಿತು. ಆಗಿನ ಬಡ ದೇಶಗಳಿಗೆ ಎಟುಕುತ್ತಿದ್ದ ಮೂರು ಔಷಧಗಳ ಚಿಕಿತ್ಸೆಯಲ್ಲೂ ನೆವಿರಾಪಿನ್ ಇತ್ತು. ಅಂದರೆ ಮಗುವನ್ನು ಉಳಿಸಿದ ಮಾತ್ರೆ, ಮುಂದೆ ತಾಯಿಯ ಚಿಕಿತ್ಸೆಯ ದಾರಿಗೆ ಕಲ್ಲು ಹಾಕುವ ಭಯವಿತ್ತು.

ಇಲ್ಲಿ ನಾಳೆಯ ರೋಗಿ ಬೇರೆ ಯಾರೂ ಅಲ್ಲ, ಆ ತಾಯಿಯೇ. ಈಗ ಏನು ಮಾಡಬೇಕು?

ದಕ್ಷಿಣ ಆಫ್ರಿಕಾದಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿನ ಸರಕಾರ ನೆವಿರಾಪಿನ್ನನ್ನು ಕೆಲವೇ ಆಸ್ಪತ್ರೆಗಳಿಗೆ ಸೀಮಿತಗೊಳಿಸಿತ್ತು; ಕೊಟ್ಟ ಕಾರಣಗಳಲ್ಲಿ ಔಷಧ ಪ್ರತಿರೋಧದ ಭಯವೂ ಒಂದು. ರೋಗಿಗಳ ಸಂಘಟನೆಯಾದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ದಾವೆ ಹೂಡಿತು. 2002ರ ಜುಲೈಯಲ್ಲಿ ಸಂವಿಧಾನ ನ್ಯಾಯಾಲಯ ಸರಕಾರದ ವಾದವನ್ನು ತಳ್ಳಿಹಾಕಿತು. ಸೋಂಕು ತಗಲಿದ ಮಗು ಬದುಕುವ ಸಂಭವ ತೀರ ಕಡಿಮೆ, ಅದರ ಯಾತನೆ ತೀರ ದೊಡ್ಡದು. ಮುಂದೆಂದೋ ಪ್ರತಿರೋಧ ಕಾಣಿಸಬಹುದು ಎಂಬ ಅಪಾಯವನ್ನು ಹೊರುವುದೇ ಮೇಲು ಎಂಬುದು ಅದರ ನಿಲುವು. ನಮಗೆ ಆ ತೀರ್ಪು ಸರಿ ಎನಿಸುತ್ತದೆ. ಕಣ್ಣೆದುರಿನ ಖಚಿತ ಸಾವನ್ನು ದೂರದ ಸಂಭವದ ಜೊತೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವಾಗ, ಖಚಿತವಾದದ್ದಕ್ಕೆ ಹೆಚ್ಚು ತೂಕ ಕೊಡದ ನ್ಯಾಯ ನ್ಯಾಯವಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ತಾಯಿಗೆ ಅನ್ಯಾಯ ಮಾಡಿದಂತೆ. ‘ಯಾವ ತಾಯಿ ತಾನೇ ಮಗುವಿಗಾಗಿ ಒಪ್ಪುವುದಿಲ್ಲ?’ ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ನಮ್ಮ ಕಥೆಗಳು, ಸಿನಿಮಾಗಳು ತಾಯಿಯ ತ್ಯಾಗವನ್ನು ಎಷ್ಟು ಹೊಗಳಿವೆಯೆಂದರೆ, ಆಕೆಯನ್ನು ಕೇಳಬೇಕೆಂಬುದೇ ನಮಗೆ ಮರೆತುಹೋಗಿದೆ. ಹೆರಿಗೆ ನೋವಿನಲ್ಲಿರುವ ಹೆಂಗಸಿಗೆ ಮಾತ್ರೆ ಕೊಡುವಾಗ ‘ಇದರಿಂದ ಮುಂದೆ ನಿನ್ನ ಚಿಕಿತ್ಸೆಗೆ ತೊಂದರೆಯಾಗಬಹುದು’ ಎಂದು ಎಷ್ಟು ಕಡೆ ಹೇಳಿರಬಹುದು? ತಿಳಿದು ಕೊಟ್ಟದ್ದು ಕುರ್ಬಾನಿ. ತಿಳಿಸದೆ ಪಡೆದದ್ದು ಬೇರೆ ಏನೋ. ಅದಕ್ಕೆ ತ್ಯಾಗ ಎಂಬ ಹೆಸರು ಕೊಡುವುದು ನಮ್ಮ ಅನುಕೂಲಕ್ಕಾಗಿ. ತಾಯಿ ಒಪ್ಪಿಯೇ ಒಪ್ಪುತ್ತಾಳೆಂಬ ನಂಬಿಕೆ ಎಷ್ಟೇ ಸರಿಯಿದ್ದರೂ ಆಕೆಯ ಒಪ್ಪಿಗೆಯ ಜಾಗದಲ್ಲಿ ಅದು ಕೂರಲಾರದು.

ಇನ್ನೂ ಒಂದು ಮಾತಿದೆ. ‘ತಾಯಿಯೋ ಮಗುವೋ’ ಎಂಬ ಧರ್ಮಸಂಕಟ ಆಗ ಪ್ಯಾರಿಸ್ಸಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಇರಲಿಲ್ಲ. ಅಲ್ಲಿ ಬಸುರಿಗೆ ಹಲವು ಔಷಧಗಳು ಒಟ್ಟಿಗೆ ಸಿಗುತ್ತಿದ್ದವು, ಇಬ್ಬರೂ ಉಳಿಯುತ್ತಿದ್ದರು. ನಾವು ದೊಡ್ಡ ನೈತಿಕ ಒಗಟೆಂದು ತಲೆ ಕೆಡಿಸಿಕೊಳ್ಳುವ ಎಷ್ಟೋ ಸಂಗತಿಗಳು ಬಡವರ ಮನೆ ಬಾಗಿಲಿಗಷ್ಟೇ ಬರುವ ಒಗಟುಗಳು. ಒಗಟನ್ನು ಬಿಡಿಸುವ ಮುನ್ನ ಅದನ್ನು ಆ ಬಾಗಿಲಿನಲ್ಲಿ ತಂದಿಟ್ಟವರು ಯಾರೆಂದು ಕೇಳಬೇಕು.

ಹೀಗೆ ಕೇಳಿದವರಿಂದಲೇ ದಾರಿ ತೆರೆಯಿತು. ಬೋಟ್ಸ್ವಾನಾದ ತಾಯಂದಿರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆ ಒಂಟಿ ಮಾತ್ರೆ ನುಂಗಿದ ಆರು ತಿಂಗಳೊಳಗೆ ಚಿಕಿತ್ಸೆ ಶುರುಮಾಡಿದವರಲ್ಲಿ ಸೋಲು ಹೆಚ್ಚು. ಆರು ತಿಂಗಳ ನಂತರ ಶುರುಮಾಡಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಔಷಧದ ಒತ್ತಡ ಹೋದ ಮೇಲೆ ಬದಲಾದ ವೈರಸ್ ಹಿಂದೆ ಸರಿಯುತ್ತದೆ ಎಂಬುದು ಇದರಿಂದ ತಿಳಿಯಿತು. 2011ರಲ್ಲಿ ಮಲಾವಿ ಎಂಬ ಪುಟ್ಟ ಬಡ ದೇಶ ಇನ್ನೂ ಮುಂದೆ ಹೋಗಿ, ಸೋಂಕಿರುವ ಪ್ರತಿಯೊಬ್ಬ ಬಸುರಿಗೂ ಜೀವನಪೂರ್ತಿ ಮೂರು ಔಷಧಗಳ ಚಿಕಿತ್ಸೆ ಕೊಡತೊಡಗಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದೇ ದಾರಿಯನ್ನು ಎಲ್ಲರಿಗೂ ತೋರಿಸಿತು. ಭಾರತವೂ ಒಂಟಿ ನೆವಿರಾಪಿನ್ ಬಿಟ್ಟು ಆ ದಾರಿಗೆ ಬಂತು. ಒಗಟು ಕರಗಿದ್ದು ತರ್ಕದಿಂದಲ್ಲ, ಎರಡು ಔಷಧಗಳನ್ನು ಹೆಚ್ಚಿಗೆ ಕೊಟ್ಟಿದ್ದರಿಂದ.

ಸಿಪ್ಲಾದ ಕಥೆಯಲ್ಲೂ ಇಂಥದೇ ಪಾಠವಿದೆ. 1970ರ ಪೇಟೆಂಟ್ ಕಾಯ್ದೆ ಔಷಧ ವಸ್ತುವಿನ ಮೇಲೆ ಪೇಟೆಂಟ್ ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಕೊಡುತ್ತಿತ್ತು. ಹಾಗಾಗಿ ಬೇರೆ ಬೇರೆ ಕಂಪನಿಗಳ ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸುವುದು ಇಲ್ಲಿ ಸಾಧ್ಯವಾಯಿತು. ಒಂದೇ ಮಾತ್ರೆಯಾದ ಮೇಲೆ ಒಂದನ್ನು ನುಂಗಿ ಇನ್ನೊಂದನ್ನು ಬಿಡುವ ಪ್ರಶ್ನೆಯೇ ಇಲ್ಲ. ರೋಗಿಗೆ ಉಪದೇಶ ಮಾಡಿ ಸಾಧಿಸಲಾಗದ್ದನ್ನು ಒಂದು ಕಾಯ್ದೆ ಸಾಧಿಸಿತು. ರೋಗಿಯ ನಿಷ್ಠೆ ಎಂದು ನಾವು ಕರೆಯುವುದರಲ್ಲಿ ರೋಗಿಯ ಪಾಲೆಷ್ಟು, ಬೆಲೆಯ ಪಾಲೆಷ್ಟು, ಬಸ್ಸಿನ ಪಾಲೆಷ್ಟು, ಸರಕಾರದ ಪಾಲೆಷ್ಟು ಎಂದು ಯಾರೂ ಬೇರ್ಪಡಿಸಿ ನೋಡುವುದಿಲ್ಲ. 2005ರಲ್ಲಿ ಆ ಕಾಯ್ದೆ ಬದಲಾಯಿತು ಎಂಬುದನ್ನೂ ನೆನಪಿಡೋಣ.

ಪಾಲು ಎಂದಾಗ ‘ಅಲ್ಗಾರಿದಮ್’ ಎಂಬ ಪದಕ್ಕೆ ಹೆಸರು ಕೊಟ್ಟ ಅಲ್ ಖ್ವಾರಿಝ್ಮಿ ನೆನಪಾಗುತ್ತಾರೆ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅವರು ಬೀಜಗಣಿತದ ಮೇಲೆ ಬರೆದ ಪುಸ್ತಕದ ದೊಡ್ಡ ಭಾಗ ಆಸ್ತಿ ಹಂಚಿಕೆಯ ಲೆಕ್ಕಗಳದ್ದು: ಹೆಂಡತಿಗೆಷ್ಟು, ಮಗಳಿಗೆಷ್ಟು, ತಾಯಿಗೆಷ್ಟು. ಲೆಕ್ಕ ಅಲ್ಲಿ ಹಕ್ಕಿನ ಕೈಯಾಳಾಗಿತ್ತು. ಯಾರಿಗೆ ಪಾಲಿದೆ ಎಂಬುದನ್ನು ಧರ್ಮಶಾಸ್ತ್ರ ನಿರ್ಧರಿಸುತ್ತಿತ್ತು, ಎಷ್ಟು ಎಂಬುದನ್ನು ಲೆಕ್ಕ ಹೇಳುತ್ತಿತ್ತು. ವಾರಸುದಾರಳ ಹೆಸರನ್ನೇ ಪಟ್ಟಿಯಿಂದ ಬಿಟ್ಟುಬಿಟ್ಟರೆ ಎಂಥ ಗಣಿತಜ್ಞನೂ ಆಕೆಗೆ ಪಾಲು ಕೊಡಿಸಲಾರ.

ವೈರಸ್ಸಿನ ಕೋಷ್ಟಕಗಳಲ್ಲಿ ಇಂಥದೇ ಒಂದು ಬಿಟ್ಟುಹೋದ ಹೆಸರಿದೆ. ಎಚ್‌ಐವಿಯಲ್ಲಿ ಹಲವು ಉಪಜಾತಿಗಳಿವೆ. ಯುರೋಪು, ಅಮೆರಿಕಗಳಲ್ಲಿ ಹೆಚ್ಚಾಗಿರುವುದು ‘ಬಿ’. ಜಗತ್ತಿನ ಒಟ್ಟು ಸೋಂಕಿನಲ್ಲಿ ಹೆಚ್ಚುಕಡಿಮೆ ಅರ್ಧ ‘ಸಿ’. ಭಾರತದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಬಹುಪಾಲು ಅದೇ. ಆದರೆ ಮೊದಲ ವರ್ಷಗಳ ಔಷಧಗಳು, ಪರೀಕ್ಷೆಗಳು, ಕೋಷ್ಟಕಗಳು ಎಲ್ಲವೂ ಮುಖ್ಯವಾಗಿ ‘ಬಿ’ಯನ್ನು ನೋಡಿ ಆದವು. ಇದರ ಪರಿಣಾಮ ಒಂದು ಸಣ್ಣ ಉದಾಹರಣೆಯಲ್ಲಿ ಕಾಣುತ್ತದೆ. 106ನೇ ಸ್ಥಾನದಲ್ಲಿ ಎರಡೂ ಉಪಜಾತಿಗಳಲ್ಲಿ ಇರುವ ವಸ್ತು ಒಂದೇ, ಆದರೆ ಅದನ್ನು ಬರೆಯುವ ಕಾಗುಣಿತ ಬೇರೆ. ‘ಬಿ’ಯಲ್ಲಿ ಅಪಾಯದ ಬದಲಾವಣೆಗೆ ಎರಡು ಅಕ್ಷರ ತಪ್ಪಬೇಕು, ‘ಸಿ’ಯಲ್ಲಿ ಒಂದೇ ಸಾಕು. ಎಫವಿರೆಂಝ್ ಎಂಬ ಔಷಧದ ಎದುರು ‘ಸಿ’ ಈ ದಾರಿಯಲ್ಲಿ ನುಸುಳುವುದು 2003ರ ಸುಮಾರಿಗೆ ಬೆಳಕಿಗೆ ಬಂತು. ‘ಬಿ’ಯನ್ನಷ್ಟೇ ನೋಡಿದ ಕೋಷ್ಟಕಕ್ಕೆ ಈ ದಾರಿ ಇದೆಯೆಂದೇ ತಿಳಿಯದು. ಕೋಷ್ಟಕ ಸುಳ್ಳು ಹೇಳಲಿಲ್ಲ. ಅದಕ್ಕೆ ನಮ್ಮ ಊರಿನ ಸುದ್ದಿ ಯಾರೂ ಹೇಳಿರಲಿಲ್ಲ.

ಲೆಕ್ಕಕ್ಕೆ ಮಿತಿಯಿದೆ ಎಂದು ಹೇಳುವ ಭರದಲ್ಲಿ ಅದರ ಸತ್ಯವನ್ನು ತಳ್ಳಿಹಾಕಬಾರದು. ಅದಕ್ಕೆ ಲಿಬಿಯಾದ ಉದಾಹರಣೆ ಸಾಕು. ಬೆಂಗಾಝಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗಲಿದ್ದು 1998ರಲ್ಲಿ ಬಯಲಾಯಿತು. ತಂದೆತಾಯಿಗಳ ಸಂಕಟ ಹೇಳತೀರದು. ಸಂಕಟಕ್ಕೆ ಒಬ್ಬ ಅಪರಾಧಿ ಬೇಕಿತ್ತು. ಐವರು ಬಲ್ಗೇರಿಯನ್ ನರ್ಸುಗಳು ಮತ್ತು ಒಬ್ಬ ಪ್ಯಾಲೆಸ್ತೀನಿ ವೈದ್ಯ, ಅಂದರೆ ಪರದೇಶಿಗಳು ಸಿಕ್ಕರು. ಬೇಕೆಂದೇ ಸೋಂಕು ಹರಡಿದರು ಎಂಬ ಆರೋಪದ ಮೇಲೆ 2004ರಲ್ಲಿ ಅವರಿಗೆ ಮರಣದಂಡನೆ ವಿಧಿಸಲಾಯಿತು. ತುಲಿಯೋ ದಿ ಒಲಿವೇರಾ ಮತ್ತು ಸಂಗಡಿಗರು ಆ ಮಕ್ಕಳ ವೈರಸ್ಸುಗಳ ಅಕ್ಷರಗಳನ್ನು ಹೋಲಿಸಿ, ಕಂಪ್ಯೂಟರಿನಲ್ಲಿ ಅವುಗಳ ವಂಶವೃಕ್ಷ ಕಟ್ಟಿದರು. ನಮ್ಮ ಹಿರಿಯರು ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ಶಜರಾದಂತೆಯೇ ಅದು. ತಪ್ಪುಗಳು ಕೂಡುವ ವೇಗದಿಂದ ಹಿಂದಕ್ಕೆ ಎಣಿಸಿದಾಗ, ಆ ವೈರಸ್ ಅಲ್ಲಿ ಹರಡತೊಡಗಿದ್ದು ಆರೋಪಿಗಳು 1998ರ ಮಾರ್ಚಿನಲ್ಲಿ ಬರುವ ಮೊದಲೇ ಎಂಬುದು ಕಂಡಿತು. 2006ರ ಡಿಸೆಂಬರಿನಲ್ಲಿ ಇದು ಪ್ರಕಟವಾಯಿತು. ಅದೇ ತಿಂಗಳು ನ್ಯಾಯಾಲಯ ಮತ್ತೆ ಮರಣದಂಡನೆಯನ್ನೇ ವಿಧಿಸಿತು. ಕೊನೆಗೆ 2007ರ ಜುಲೈಯಲ್ಲಿ ಅವರು ಬಿಡುಗಡೆಯಾದದ್ದು ರಾಜತಾಂತ್ರಿಕರ ಮಾತುಕತೆಯಿಂದ.

ಲೆಕ್ಕ ಇಲ್ಲಿ ನಿರಪರಾಧಿಗಳ ಪರ ಸಾಕ್ಷಿ ಹೇಳಿತು, ಆದರೆ ಕೇಳುವ ಕಿವಿ ಇರಲಿಲ್ಲ. ಇದೇ ವಿದ್ಯೆಯನ್ನು ‘ಯಾರಿಂದ ಯಾರಿಗೆ ಬಂತು’ ಎಂದು ಪತ್ತೆ ಹಚ್ಚಿ ರೋಗಿಗಳನ್ನು ಜೈಲಿಗೆ ಕಳಿಸಲೂ ಬಳಸಬಹುದು ಎಂಬ ಅಂಜಿಕೆ ಅನೇಕರಿಗಿದೆ. ಸುಮ್ಮನೆ ಹುಟ್ಟಿದ ಅಂಜಿಕೆಯಲ್ಲ ಅದು. ಅದೇ ಒಲಿವೇರಾ 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕುಳಿತು ಕೊರೊನಾದ ಒಮೈಕ್ರಾನ್ ತಳಿಯ ಬಗ್ಗೆ ಜಗತ್ತನ್ನು ಎಚ್ಚರಿಸಿದವರಲ್ಲಿ ಒಬ್ಬರು. ಪ್ರತಿಯಾಗಿ ಆ ದೇಶಕ್ಕೆ ಸಿಕ್ಕಿದ್ದು ವಿಮಾನಗಳ ನಿಷೇಧ. ಮೊದಲು ನಿಜ ಹೇಳಿದವನನ್ನೇ ಶಿಕ್ಷಿಸುವ ಲೋಕದಲ್ಲಿ ಮುಂದಿನ ಸಲ ನಿಜ ಹೇಳುವವರು ಯಾರು?

ಈಗ ಮೊದಲ ಪ್ರಶ್ನೆಗೆ ಬರೋಣ. 2022ರ ಜುಲೈಯಲ್ಲಿ ದಿಲ್ಲಿಯಲ್ಲಿ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯೆದುರು ಎಚ್‌ಐವಿ ಇರುವವರೇ ಧರಣಿ ಕೂತರು. ಮಾತ್ರೆಗಳು ಸಿಗುತ್ತಿಲ್ಲ, ಸಿಕ್ಕರೂ ಕೆಲವೇ ದಿನಕ್ಕೆ ಸಾಕಾಗುವಷ್ಟು ಕೊಡುತ್ತಾರೆ ಎಂಬುದು ಅವರ ದೂರು. ಕೊರತೆ ಅಷ್ಟೇನಿಲ್ಲ ಎಂದು ಸರಕಾರ ಹೇಳಿತು. ಧರಣಿ ತಿಂಗಳು ದಾಟಿತು. 2004ರಿಂದ ಉಚಿತವಾಗಿ ಚಿಕಿತ್ಸೆ ಕೊಟ್ಟು ಲಕ್ಷಾಂತರ ಜೀವ ಉಳಿಸಿದ ಯೋಜನೆ ಇದು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಕೇಳಬೇಕು. ದೂರದ ಊರಿನಿಂದ ದಿನಗೂಲಿ ಬಿಟ್ಟು ಬಂದವನಿಗೆ ಐದು ದಿನದ ಮಾತ್ರೆ ಕೊಟ್ಟು ಕಳಿಸಿದರೆ, ಆರನೇ ದಿನ ತಪ್ಪಿದ ಮಾತ್ರೆ ಯಾರ ಲೆಕ್ಕಕ್ಕೆ? ಅವನ ಕಾರ್ಡಿನಲ್ಲಿ ಮಾತ್ರ ಅದು ‘ರೋಗಿಯ ನಿರ್ಲಕ್ಷ್ಯ’ ಎಂದೇ ದಾಖಲಾಗುವ ಸಂಭವ ಹೆಚ್ಚು.

2025ರ ಜನವರಿಯಲ್ಲಿ ಇದೇ ಕಥೆ ಖಂಡದ ಅಳತೆಯಲ್ಲಿ ನಡೆಯಿತು. ಅಮೆರಿಕದ ಹೊಸ ಸರಕಾರ ವಿದೇಶಿ ನೆರವನ್ನು ಒಮ್ಮೆಗೇ ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಆ ಜುಲೈ ಹೊತ್ತಿಗೆ ಯುಎಸ್‌ಏಡ್ ಎಂಬ ಸಂಸ್ಥೆಯೇ ಮುಚ್ಚಿತು. 2001ರಲ್ಲಿ ಅದರ ಮುಖ್ಯಸ್ಥರಿಗೆ ಆಫ್ರಿಕನ್ನರ ಬಳಿ ಗಡಿಯಾರವಿಲ್ಲ ಎಂಬ ಚಿಂತೆಯಿತ್ತು. ಆಮೇಲಿನ ವರ್ಷಗಳಲ್ಲಿ ಅದೇ ಸಂಸ್ಥೆ ಲಕ್ಷಗಟ್ಟಲೆ ಜನರಿಗೆ ಮಾತ್ರೆ ಮುಟ್ಟಿಸಿತು ಎಂಬುದೂ ನಿಜ. ಆದರೆ ಕೊನೆಗೆ ಹೊತ್ತು ತಪ್ಪಿಸಿದವರು ಗಡಿಯಾರ ಕಟ್ಟಿಕೊಂಡವರೇ.

ಇಂದು ಡೊಲುಟೆಗ್ರಾವಿರ್ ಎಂಬ ಒಳ್ಳೆಯ ಔಷಧ ನಮ್ಮ ದೇಶದಲ್ಲೂ ಸಿಗುತ್ತಿದೆ. ಅದನ್ನು ಸೋಲಿಸುವುದು ವೈರಸ್ಸಿಗೆ ಸುಲಭವಲ್ಲ. ಆದರೂ ಅದಕ್ಕೂ ಪ್ರತಿರೋಧ ನಿರೀಕ್ಷೆಗಿಂತ ಹೆಚ್ಚು ಕಾಣಿಸುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎಚ್ಚರಿಸಿದೆ. ನಾಳೆಯ ರೋಗಿಯ ಚಿಂತೆ ಆ ಕಾರಣಕ್ಕೆ ಬೇಕೇ ಬೇಕು. ಆದರೆ ಈ ಕಾಲು ಶತಮಾನದ ಅನುಭವದಿಂದ ಒಂದು ಮಾತು ತಿಳಿದಿದೆ: ನಾಳೆಯ ರೋಗಿಯನ್ನು ಕಾಪಾಡಿದ್ದು ಇಂದಿನ ರೋಗಿಗೆ ಔಷಧ ನಿರಾಕರಿಸಿದಾಗ ಅಲ್ಲ, ಅದನ್ನು ಪೂರ್ತಿಯಾಗಿ, ತಡೆಯಿಲ್ಲದೆ, ಅವನಿಗೆ ತಿಳಿಸಿ ಹೇಳಿ ಕೊಟ್ಟಾಗ. ಇವರಿಬ್ಬರ ನಡುವೆ ಜಗಳವಿದೆ ಎಂದು ಹೇಳುತ್ತ ಬಂದವರು ಮೂರನೆಯವರು. ಆ ಮೂರನೆಯವರ ಬಳಿ ಔಷಧವಿತ್ತು.

ವೈರಸ್ಸಿನ ಒಂದೊಂದು ಅಕ್ಷರದ ತಪ್ಪನ್ನೂ ಎಣಿಸಬಲ್ಲ ವಿದ್ಯೆ ನಮಗೆ ಬಂದಿದೆ. ಆ ತಪ್ಪಿಗೆ ಉದ್ದೇಶವಿಲ್ಲ, ಅದರ ಮೇಲೆ ದೂರೂ ಇಲ್ಲ. ಬಾಗಿಲು ಹಾಕಿದ ಕ್ಲಿನಿಕ್ಕಿಗೆ, ಬಾರದ ಮಾತ್ರೆಗೆ, ಕೇಳದೆ ಪಡೆದ ಒಪ್ಪಿಗೆಗೆ ಹಿಂದೆ ಮಾತ್ರ ಉದ್ದೇಶಗಳಿವೆ, ಸಹಿಗಳಿವೆ, ದಿನಾಂಕಗಳಿವೆ. ಹಿಸಾಬ್ ಕೇಳಬೇಕಾದದ್ದು ಅಲ್ಲಿ.